ನೈಟ್ ಹಾಲ್ಟ್

ನಮ್ಮ ಯಜಮಾನರು 33 ವರ್ಷ ಕೆಂಪು ಬಸ್ಸು ಓಡಿಸಿದವರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತುಮಕೂರು–ಪಾವಗಡ ರೂಟಿನಲ್ಲೇ ಸವೆದಿದೆ. ಎಲ್ಲಿ ಹಂಪ್ ಇದೆ, ಯಾವ ತಿರುವಿನಲ್ಲಿ ಎಮ್ಮೆ ಅಡ್ಡ ಬರುತ್ತದೆ, ಯಾವ ಸ್ಟಾಪಿನಲ್ಲಿ ಕೋಳಿ ಹಿಡಿದ ಅಜ್ಜಿ ಕೈ ಅಡ್ಡ ಹಾಕುತ್ತಾಳೆ, ಎಲ್ಲ ಬಾಯಿಪಾಠ. ಮದುವೆಯಾದ ಹೊಸದರಲ್ಲಿ "ಮಧುಗಿರಿ ಕೋಟೆ ಹೇಗಿದೆ ರೀ?" ಎಂದು ಕೇಳಿದ್ದೆ. "ಬಸ್ ಸ್ಟ್ಯಾಂಡಿಂದ ಕಾಣ್ತದೆ" ಅಂದಿದ್ದರು. ಅಷ್ಟೇ ಉತ್ತರ.

ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರಮ್ಮ. ಬೇಸಿಗೆ ರಜೆಯನ್ನೆಲ್ಲ ಜನಗಣತಿ, ಎಲೆಕ್ಷನ್ ಡ್ಯೂಟಿ, ಮಕ್ಕಳ ಬಾಣಂತನ ತಿಂದುಹಾಕಿದವು. ಇಬ್ಬರೂ ನಿವೃತ್ತರಾದ ಮೇಲೆ ಮನೆಯಲ್ಲಿ ಎದುರುಬದುರು ಕೂತು ಟಿವಿ ನೋಡುವುದು ಆರು ತಿಂಗಳಿಗೇ ಸಾಕಾಯಿತು. ಆಗ ಕೊಂಡದ್ದು ಈ ಗಾಡಿ. ಕಾರ್ಖಾನೆಗೆ ಕೆಲಸಗಾರರನ್ನು ಸಾಗಿಸುತ್ತಿದ್ದ ಹಳೆಯ ಟಿಟಿ, ಅಂದರೆ ಟೆಂಪೊ ಟ್ರಾವೆಲರ್. ಹೊರಗೆ ಬಿಳಿ, ಒಳಗೆ ಬೀಡಿ ವಾಸನೆ. ಸೀಟು ಕೀಳಿಸಿ ಮಂಚ ಹಾಕಿಸುವುದು ನಮ್ಮಿಷ್ಟದ ಮಾತಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಆರ್‌ಟಿಒ ಒಪ್ಪಿಗೆ ಪಡೆದು, ಬದಲಾವಣೆಯನ್ನು ಆರ್‌ಸಿಯಲ್ಲಿ ಬರೆಸಬೇಕು. ಬಡಗಿ ಕೆಲಸಕ್ಕಿಂತ ಕಾಗದದ ಕೆಲಸ ಉದ್ದವಾಯಿತು.

ಒಳಗೆ ಇರುವುದು ಇಷ್ಟು: ಅಡ್ಡ ಮಂಚ, ಅದರ ಕೆಳಗೆ ನೂರು ಲೀಟರಿನ ನೀರಿನ ಟ್ಯಾಂಕು, ಬ್ಯಾಟರಿಯಲ್ಲಿ ಓಡುವ ಪುಟ್ಟ ಪಂಪು, ಮೇಲ್ಛಾವಣಿಯಲ್ಲಿ ಎರಡು ಸೋಲಾರ್ ಹಲಗೆ, 5 ಕೆ.ಜಿ.ಯ ಗ್ಯಾಸ್ ಸಿಲಿಂಡರು, ಒಂದು ಒಲೆ, ಪರದೆಯ ಹಿಂದೆ ಪೆಟ್ಟಿಗೆಯಂಥ ಕಮೋಡು. ಫ್ರಿಜ್ ಬೇಡವೆಂದೆ, ಜಾಗ ತಿನ್ನುತ್ತದೆ. ಮನೆಯನ್ನು ಒಬ್ಬ ಹುಡುಗ, ಅವನ ಹೆಂಡತಿಗೆ ಬಾಡಿಗೆಗೆ ಕೊಟ್ಟು, ಮಹಡಿಯ ಒಂದು ಕೋಣೆಗೆ ನಮ್ಮ ಬೀರು, ಪಾತ್ರೆ, ದೇವರ ಫೋಟೊ ತುಂಬಿ ಬೀಗ ಹಾಕಿದೆವು. ಮಗ ಫೋನಿನಲ್ಲಿ, "ಅಮ್ಮ, ಲಾರಿ ಕ್ಲೀನರ್ ಥರ ಮಲಗ್ತೀರಾ ನೀವು?" ಅಂದ. ಇವರು ಫೋನ್ ಕಿತ್ತುಕೊಂಡು, "ನಾನು 33 ವರ್ಷ ಮಲಗಿಲ್ವೇನೋ" ಅಂದರು.

ಅದು ನಿಜ. ಹಳ್ಳಿಗೆ ರಾತ್ರಿ ಕೊನೇ ಬಸ್ಸು ತಗೊಂಡು ಹೋಗಿ, ಅಲ್ಲೇ ಮಲಗಿ, ಬೆಳಗಿನ ಮೊದಲ ಟ್ರಿಪ್ಪಿಗೆ ಹೊರಡುವ ನೈಟ್ ಹಾಲ್ಟ್ ಡ್ಯೂಟಿ ಎಷ್ಟು ಮಾಡಿದ್ದಾರೋ ಲೆಕ್ಕವಿಲ್ಲ. ಈ ಬದುಕು ನನಗೆ ಹೊಸದು. ಅವರಿಗೆ ಬಸ್ಸಿನ ಗಾತ್ರ ಮಾತ್ರ ಚಿಕ್ಕದಾಗಿತ್ತು.

ದೂರದೂರಿಗೆ ಹೋಗುವ ಮುಂಚೆ ಗಾಡಿಯನ್ನೂ ನಮ್ಮನ್ನೂ ಪರೀಕ್ಷೆ ಮಾಡಿಕೊಳ್ಳೋಣ ಎಂದು ಸಂಕ್ರಾಂತಿ ಮುಗಿದ ಸೋಮವಾರ ಹೊರಟೆವು.

ಮೊದಲ ದಿನ, ಸೋಮವಾರ

ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು, ಎದುರುಮನೆಯವರ ಆರತಿ. ಸಿದ್ಧಗಂಗೆಗೆ ಹೋಗಿ ಗದ್ದುಗೆಗೆ ಕೈಮುಗಿದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಕೂತೆವು. ನಾನು ಬೆಣ್ಣೆ ಕರಗಲೆಂದು ಕಾಯುತ್ತಿದ್ದೆ. ಇವರು ಎರಡು ಇಡ್ಲಿ ಮುಗಿಸಿ, ಕೈ ತೊಳೆದು, ಗಾಡಿಯ ಪಕ್ಕ ನಿಂತು ವಾಚು ನೋಡುತ್ತಿದ್ದರು. ಏಳು ನಿಮಿಷ. "ಯಾವ ಬಸ್ಸು ತಪ್ಪುತ್ತೆ ನಿಮಗೆ?" ಎಂದೆ. ನಕ್ಕರು, ಆದರೆ ಕೂರಲಿಲ್ಲ.

ದೇವರಾಯನದುರ್ಗದ ದಾರಿಯಲ್ಲಿ ನಾಮದ ಚಿಲುಮೆ ಸಿಗುತ್ತದೆ. ಬೋರ್ಡು ಕಂಡದ್ದೇ "ನಿಲ್ಸಿ" ಎಂದೆ. ಗಾಡಿ ನಿಲ್ಲಲಿಲ್ಲ. "ನಿಲ್ಸ್ರೀ!" ಎಂದೆ. "ಇಲ್ಲಿ ಸ್ಟಾಪ್ ಇಲ್ಲ ಕಣೇ" ಎಂದು ಹೇಳಿಯೇಬಿಟ್ಟರು, ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು. ಅಷ್ಟರಲ್ಲಿ ಫರ್ಲಾಂಗು ಮುಂದೆ ಬಂದಿದ್ದೆವು. ನನಗೆ ತಟ್ಟನೆ ಹೊಳೆದದ್ದು ಕಂಡಕ್ಟರುಗಳ ಮಾತು. ಗಂಟಲು ಬಿಚ್ಚಿ "ಹೋಲ್ಡಾನ್!" ಎಂದು ಕೂಗಿದೆ.

ಕಾಲು ತಾನೇ ಬ್ರೇಕಿನ ಮೇಲೆ ಹೋಯಿತು. ಹಿಂದೆ ಸ್ಟೀಲ್ ಡಬ್ಬಗಳೆಲ್ಲ ಉರುಳಿ, ಕಡಲೆಬೇಳೆ ಮಂಚದ ತುಂಬ ಚೆಲ್ಲಿತು. ಅವತ್ತಿನಿಂದ ನಾನೇ ಕಂಡಕ್ಟರು.

ಚಿಲುಮೆ ಅಂದರೆ ಬಂಡೆಯಲ್ಲೊಂದು ಪುಟ್ಟ ಗುಂಡಿ, ಅಷ್ಟೇ. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಾಣ ಹೊಡೆದನಂತೆ, ನೀರು ಚಿಮ್ಮಿತಂತೆ. ಈ ದುರ್ಗದ ಸುತ್ತಲೇ ಜಯಮಂಗಲಿಯೂ ಶಿಂಷೆಯೂ ಹುಟ್ಟುತ್ತವೆ. ಒಂದು ಉತ್ತರಕ್ಕೆ ಹೋಗಿ ಪಿನಾಕಿನಿ ಸೇರುತ್ತದೆ, ಇನ್ನೊಂದು ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ. ಮಕ್ಕಳಿಗೆ ಎಷ್ಟು ವರ್ಷ ನಕ್ಷೆ ಬರೆಸಿದ್ದೆ! ಊರಿಂದ ಹದಿನೈದು ಕಿಲೋಮೀಟರು ಇಲ್ಲದ ಜಾಗ ನೋಡಲು ಪಿಂಚಣಿ ಬರಬೇಕಾಯಿತು.

ಸಂಜೆ ಮಧುಗಿರಿ ತಲುಪಿದಾಗ ಇವರು ಏನೋ ಮಾತಾಡುತ್ತಾ ಸೀದಾ ಬಸ್ ಸ್ಟ್ಯಾಂಡಿನೊಳಗೇ ನುಗ್ಗಿಸಿದರು. ಅಲ್ಲಿನವರು ಸೀಟಿ ಊದಿ ಹೊರಗೆ ಕಳಿಸಿದರು. ಪೆಟ್ರೋಲ್ ಬಂಕಿನವರನ್ನು ಕೇಳಿ ಮೂಲೆಯಲ್ಲಿ ಜಾಗ ಹಿಡಿದೆವು. ಅಲ್ಲಿ ನೋಡಿ ಅವರ ವಿದ್ಯೆ! ಗಾಡಿಯ ಮುಖ ರಸ್ತೆಗೆ ಇರಬೇಕು, ರಾತ್ರಿ ಹೊರಡಬೇಕಾದರೆ ತಿರುಗಿಸುವ ಗೋಜಿರಬಾರದು. ತೆಂಗಿನ ಮರದಡಿ ಕೂಡದು, ಕಾಯಿ ಬಿದ್ದರೆ ಗಾಜು ಹೋಯಿತು. ಹುಣಸೆ ಮರದಡಿಯೂ ಬೇಡ, ಬೆಳಿಗ್ಗೆಗೆ ಹಕ್ಕಿ ಹಿಕ್ಕೆ. ಹಿಂದಿನ ಚಕ್ರಕ್ಕೆ ಕಲ್ಲು. ತಲೆ ಎತ್ತರದ ಕಡೆ, ಕಾಲು ತಗ್ಗಿನ ಕಡೆ. ಹತ್ತು ನಿಮಿಷದಲ್ಲಿ ಗೊರಕೆ ಹೊಡೆದರು. ನನಗೆ ಲಾರಿಗಳ ಸದ್ದಿಗೆ ಎರಡು ಗಂಟೆಯವರೆಗೂ ನಿದ್ದೆ ಹತ್ತಲಿಲ್ಲ.

ಎರಡನೇ ದಿನ, ಮಂಗಳವಾರ

ಮಧುಗಿರಿ ಬೆಟ್ಟ ಇಡಿಯಾಗಿ ಒಂದೇ ಬಂಡೆ. ನನ್ನ ಮಂಡಿ ಎರಡು ಬಾಗಿಲು ದಾಟಿದ ಮೇಲೆ ಸಾಕೆಂದಿತು. ಅಲ್ಲಿಂದಲೇ ಇವರು ಬಸ್ ಸ್ಟ್ಯಾಂಡನ್ನು ತೋರಿಸಿ, "ಅಲ್ಲಿಂದ ಇದು ಕಾಣ್ತಿತ್ತು" ಎಂದರು, ದೊಡ್ಡ ಶೋಧನೆ ಮಾಡಿದವರ ಹಾಗೆ.

ಮಧ್ಯಾಹ್ನ ಮೈದನಹಳ್ಳಿ. ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ಅಂತ 2007ರಲ್ಲಿ ಘೋಷಿಸಿದ್ದು, ಎಂಟುನೂರು ಎಕರೆಗೆ ಸ್ವಲ್ಪ ಕಡಿಮೆ. ಕಾಡು ಎಂದುಕೊಂಡು ಹೋದವರಿಗೆ ನಿರಾಸೆ, ಅದು ಹುಲ್ಲುಬಯಲು. ಒಣಗಿ ಹೊಂಬಣ್ಣಕ್ಕೆ ತಿರುಗಿದ ಹುಲ್ಲಿನಲ್ಲಿ ಮೊದಲು ಕೊಂಬು ಕಂಡವು, ಆಮೇಲೆ ಮೈ. ಕಪ್ಪು ಗಂಡೊಂದು ಕಾಲಿಗೆ ಸ್ಪ್ರಿಂಗ್ ಕಟ್ಟಿದ ಹಾಗೆ ನೆಗೆಯಿತು, ಹಿಂದೆಯೇ ಹಿಂಡೆಲ್ಲ. ಇವರು ವಾಚು ನೋಡಲಿಲ್ಲ. ನಾನು ಗಮನಿಸಿದೆ, ಹೇಳಲಿಲ್ಲ.

ರಾತ್ರಿಗೆ ಇವರದ್ದೇ ಹಳೆಯ ನೈಟ್ ಹಾಲ್ಟ್ ಹಳ್ಳಿ. ಅರಳಿಕಟ್ಟೆ ಪಕ್ಕ ಗಾಡಿ ನಿಲ್ಲಿಸಿ ಬಾಗಿಲು ತೆಗೆಯುವಷ್ಟರಲ್ಲಿ ಒಬ್ಬ ಅಜ್ಜಿ ಬಂದು, ತೋಳು ಮೇಲೇರಿಸಿ ಕೈ ನೀಡಿದಳು. "ಬಿಪಿ ನೋಡವ್ವ." ಬಿಳಿ ಗಾಡಿ, ಪರದೆ, ಕನ್ನಡಕದ ಹೆಂಗಸು: ಆರೋಗ್ಯ ಇಲಾಖೆಯವರು ಎಂದುಕೊಂಡಿದ್ದಾಳೆ. ಅಲ್ಲ ಕಣಜ್ಜಿ ಎನ್ನುವಷ್ಟರಲ್ಲಿ ಹಿಂದೆ ಇನ್ನೂ ನಾಲ್ಕು ಜನ. ನನ್ನದೇ ಬಿಪಿ ಮೆಷೀನು ಹೇಗೂ ಇತ್ತಲ್ಲ, ಹಾಕಿ ನೋಡಿದೆ. ಚೀಟಿಯಲ್ಲಿ ಬರೆದು ಕೊಟ್ಟು, ಮಾತ್ರೆ ಕೊಡುವವಳು ನಾನಲ್ಲ, ಆಸ್ಪತ್ರೆಗೆ ಇದನ್ನು ತೋರಿಸಿ ಎಂದು ಒತ್ತಿ ಹೇಳಿದೆ. ಹನ್ನೊಂದು ಜನ ಆಯಿತು. ಒಬ್ಬ ಹುಡುಗ ಸುಮ್ಮನೆ ಪಟ್ಟಿ ಗಾಳಿ ತುಂಬಿಕೊಳ್ಳುವುದನ್ನು ನೋಡಲು ಕೈ ಕೊಟ್ಟ.

ಸಾಲಿನ ಕೊನೆಯಲ್ಲಿದ್ದ ಒಬ್ಬರು ನನ್ನನ್ನು ಬಿಟ್ಟು ಇವರನ್ನೇ ದಿಟ್ಟಿಸಿ, "ನೀವು ಡ್ರೈವರಣ್ಣ ಅಲ್ವಾ? ರಾತ್ರಿ ಬಸ್ಸಿಂದು?" ಎಂದರು. ಮುಗಿಯಿತು. ಚಾಪೆ ಬಂತು, ಮುದ್ದೆ ಬಂತು, ಹಿತಕಿದ ಅವರೆಬೇಳೆ ಸಾರು ಬಂತು. ಯಾರ ಮದುವೆಗೆ ಇವರು ಬಸ್ಸನ್ನು ಹತ್ತು ನಿಮಿಷ ತಡೆದು ನಿಲ್ಲಿಸಿದ್ದರು, ಯಾವ ಬಸುರಿಯನ್ನು ನಡುರಾತ್ರಿ ತಾಲ್ಲೂಕು ಆಸ್ಪತ್ರೆಗೆ ಮುಟ್ಟಿಸಿದ್ದರು ಎಂಬ ಕತೆಗಳು ಬಂದವು. ನನಗೆ ಇವರು ಒಂದನ್ನೂ ಹೇಳಿರಲಿಲ್ಲ. ಡ್ಯೂಟಿ ಮುಗಿಸಿ ಬಂದವರು "ಏನಿವತ್ತು?" ಎಂದರೆ "ಏನಿಲ್ಲ" ಅನ್ನುತ್ತಿದ್ದರು.

ಬೆಳಿಗ್ಗೆ ಎಂಟಕ್ಕೆ ಎದ್ದು ನೋಡಿದರೆ ಇವರು ಊರ ಬೀದಿಯಲ್ಲಿ ಒಬ್ಬರೇ ನಿಂತಿದ್ದಾರೆ. ಪಕ್ಕ ಹೋದೆ. "ರಾತ್ರಿ ಒಂಬತ್ತಕ್ಕೆ ಬರ್ತಿದ್ದೆ, ಬೆಳಿಗ್ಗೆ ಐದೂವರೆಗೆ ಹೊರಡ್ತಿದ್ದೆ. ಈ ಊರಿಗೊಂದು ಕೆರೆ ಇದೆ ಅಂತಾನೇ ಗೊತ್ತಿರಲಿಲ್ಲ ಕಣೇ" ಎಂದರು.

ಮೂರನೇ ದಿನ, ಬುಧವಾರ

ಪಾವಗಡ. ತುಮಕೂರು ಜಿಲ್ಲೆಯದೇ ತಾಲ್ಲೂಕು, ಆದರೆ ಹೆಚ್ಚುಕಡಿಮೆ ಸುತ್ತಲೂ ಆಂಧ್ರ. ಅಂಗಡಿಯವನು ಕನ್ನಡದಲ್ಲಿ ಬೆಲೆ ಹೇಳಿ ತೆಲುಗಿನಲ್ಲಿ ಚೌಕಾಸಿ ಮಾಡುತ್ತಾನೆ. ಶನಿಮಹಾತ್ಮನ ದರ್ಶನ ಬುಧವಾರವಾದ್ದರಿಂದ ಸಲೀಸಾಗಿ ಆಯಿತು.

ತಿರುಮಣಿಯ ಕಡೆಗೆ ಹೋದಾಗ ನನಗೆ ಮೊದಲು ಕೆರೆ ಎನಿಸಿತು. ನೀಲಿ, ಹೊಳೆಯುವ, ಕಣ್ಣು ಹಾಯುವವರೆಗೆ. ಸೋಲಾರ್ ಹಲಗೆಗಳು! 13 ಸಾವಿರ ಎಕರೆ, 2050 ಮೆಗಾವ್ಯಾಟ್. ಜಮೀನು ಕೊಂಡುಕೊಂಡದ್ದಲ್ಲ, ರೈತರಿಂದ ಗುತ್ತಿಗೆಗೆ ಪಡೆದದ್ದು, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ. ಇವರು ಕಿಟಕಿಯಿಂದ ಕೈ ಚಾಚಿ, ಇಲ್ಲೆಲ್ಲ ಕಡಲೆಕಾಯಿ ಇತ್ತು, ಮಳೆ ಬಂದರೆ ಬಂತು, ಇಲ್ಲದಿದ್ದರೆ ಬಸ್ಸಿನ ತುಂಬ ಬೆಂಗಳೂರಿಗೆ ಕೂಲಿಗೆ ಹೋಗುವವರು ಎಂದರು. ಜಮೀನಿದ್ದವರಿಗೆ ಗುತ್ತಿಗೆ ಹಣ ಸರಿ. ಆ ಜಮೀನಿನಲ್ಲಿ ಕಳೆ ತೆಗೆಯುತ್ತಿದ್ದವರಿಗೆ? ಟೀ ಅಂಗಡಿಯಲ್ಲಿ ಕೂತಿದ್ದ ಹೆಂಗಸಿನ ಹತ್ತಿರ ಕೇಳಿದೆ. ಅವಳು ಉತ್ತರ ಹೇಳದೆ ನಮ್ಮ ಗಾಡಿಯ ನೆತ್ತಿಯ ಎರಡು ಹಲಗೆ ನೋಡಿ, "ನಿಮ್ಗೂ ಕೊಟ್ಟವ್ರಾ?" ಎಂದಳು.

ಅಂದು ರಾತ್ರಿ ಅನಾಹುತ. ಪಂಪಿನ ಪೈಪಿಗೆ ಹಾಕಿದ್ದ ಕ್ಲಿಪ್ಪು ಸಡಿಲಾಗಿ, ನಾವು ಮಲಗಿದ್ದಾಗ ಟ್ಯಾಂಕಿನ ನೀರೆಲ್ಲ ಸೋರಿಹೋಯಿತು. ಐದು ಗಂಟೆಗೆ ಕಾಲಿಟ್ಟರೆ ಚಪ್ಪಲಿ ತೇಲುತ್ತಿದೆ. ರಾಗಿಹಿಟ್ಟಿನ ಚೀಲ ಅರ್ಧ ಅಂಬಲಿಯಾಗಿತ್ತು. ಅದೂ ಎಲ್ಲಿ? ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವ ಪಾವಗಡ ಸೀಮೆಯಲ್ಲಿ. ನಾನು ಬೈದೆ, ಅವರು ಬೈದರು. ಕ್ಲಿಪ್ಪು ಬಿಗಿ ಮಾಡಿದ್ದು ಅವರು, ಮಲಗುವ ಮುಂಚೆ ಪಂಪಿನ ಸ್ವಿಚ್ ಆರಿಸದಿದ್ದವಳು ನಾನು. ಎರಡೂ ನಿಜವಾದ್ದರಿಂದ ಜಗಳ ಬೇಗ ಮುಗಿಯಲಿಲ್ಲ.

ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಎರಡು ಕ್ಯಾನು ಹಿಡಿದು ಜನರ ಸಾಲಿನಲ್ಲಿ ನಿಂತೆ. ಅಲ್ಲಿಂದಲೇ ನೀರಿನ ಲೆಕ್ಕದ ಪುಸ್ತಕ ಶುರು: ಸ್ನಾನ ಒಬ್ಬರಿಗೆ ಹತ್ತು ಲೀಟರು, ಪಾತ್ರೆಗೆ ಆರು, ಅಡುಗೆಗೆ ನಾಲ್ಕು. ತರಕಾರಿ ತೊಳೆದ ನೀರು ಕಮೋಡಿಗೆ. ತುಮಕೂರಿನಲ್ಲಿ ನಾನು ಅಂಗಳಕ್ಕೇ ಎರಡು ಬಕೆಟ್ ಸುರಿಯುತ್ತಿದ್ದೆ.

ನಾಲ್ಕನೇ ದಿನ, ಗುರುವಾರ

ಮಡಕಶಿರಾ, ಹಿಂದೂಪುರ ಹಾದು ಮತ್ತೆ ಕರ್ನಾಟಕದೊಳಗೆ, ವಿದುರಾಶ್ವತ್ಥಕ್ಕೆ. 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಇಲ್ಲಿ ಗುಂಡು ಹಾರಿತು. ಸತ್ತವರ ಲೆಕ್ಕ ಸರ್ಕಾರದ್ದೊಂದು, ಜನರದ್ದೊಂದು. ಆಮೇಲೆಯೇ ಸರ್ದಾರ್ ಪಟೇಲರು ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲರ ನಡುವೆ ಮಾತುಕತೆ ನಡೆದು, ಮೈಸೂರು ಬಾವುಟದ ಜೊತೆ ಕಾಂಗ್ರೆಸ್ ಬಾವುಟಕ್ಕೂ ಅವಕಾಶವಾದದ್ದು. ಪಾಠ ಮಾಡುವಾಗ ಒಂದು ಪ್ಯಾರಾ ಇದು. ಸ್ಮಾರಕದ ಎದುರು ನಿಂತು ನಾನು ಅಭ್ಯಾಸಬಲದಿಂದ ಇವರಿಗೆ ಪಾಠ ಒಪ್ಪಿಸಿದೆ. ಪಕ್ಕದಲ್ಲಿದ್ದ ಕಾಲೇಜು ಹುಡುಗರು ಗೈಡು ಎಂದುಕೊಂಡು ಹಿಂದೆಯೇ ಬಂದರು.

ನಾಗರಕಲ್ಲುಗಳ ನಡುವೆ ಕೂತಿದ್ದಾಗ ಗೌರಿಬಿದನೂರಿನ ದಂಪತಿ ಸಿಕ್ಕರು. ಆ ಯಜಮಾನರಿಗೆ ಮುಂದಿನ ವರ್ಷ ನಿವೃತ್ತಿ. ಪ್ರಶ್ನೆಯ ಮೇಲೆ ಪ್ರಶ್ನೆ. ಆಧಾರ್ ವಿಳಾಸ? ಬಾಡಿಗೆಗೆ ಕೊಟ್ಟ ಮನೆಯದ್ದೇ, ಬದಲಿಸಿಲ್ಲ. ಪಿಂಚಣಿ? ನವೆಂಬರಿನಲ್ಲಿ ಬದುಕಿದ್ದೇನೆಂದು ಜೀವನ ಪ್ರಮಾಣಪತ್ರ ಕೊಟ್ಟರಾಯಿತು, ಈಗ ಮೊಬೈಲಿನಲ್ಲೇ ಮುಖ ತೋರಿಸಿದರೂ ಆಗುತ್ತದೆ. ಮಾತ್ರೆ? ಮೂರು ತಿಂಗಳದ್ದು ಡಬ್ಬದಲ್ಲಿದೆ, ವೈದ್ಯರ ಚೀಟಿಯ ಫೋಟೊ ಇಬ್ಬರ ಫೋನಿನಲ್ಲೂ ಇದೆ. ಖರ್ಚು? ಗಾಡಿ ಲೀಟರಿಗೆ ಹತ್ತು ಕಿಲೋಮೀಟರು ಕೊಡುತ್ತದೆ, ದಿನಕ್ಕೆ ಎಪ್ಪತ್ತು ಕಿಲೋಮೀಟರು ದಾಟಬಾರದೆಂದು ನಿಯಮ ಮಾಡಿಕೊಂಡಿದ್ದೇವೆ. ಆ ಹೆಂಗಸು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ಗಂಡಸರಿಗೆ ಕೇಳದ ಹಾಗೆ, "ಅಕ್ಕ, ಟಾಯ್ಲೆಟ್ಟು?" ಎಂದಳು. ಪರದೆ ಸರಿಸಿ ತೋರಿಸಿದೆ. ಕೆಳಗಿನ ಪೆಟ್ಟಿಗೆ ಕಳಚಿ ಬರುತ್ತದೆ, ಎರಡು ದಿನಕ್ಕೊಮ್ಮೆ ದುಡ್ಡು ಕೊಟ್ಟು ಹೋಗುವ ಶೌಚಾಲಯದಲ್ಲಿ ಕೇಳಿಕೊಂಡು ಸುರಿದು ತೊಳೆಯಬೇಕು. ಆ ಕೆಲಸ ಯಾರದ್ದು? ಅವರದ್ದು. ಗಾಡಿ ಕೊಳ್ಳುವ ಮುಂಚೆಯೇ ಬರೆಸಿಕೊಂಡಿದ್ದೆ. ಅವಳಿಗೆ ಇಡೀ ಗಾಡಿಯಲ್ಲಿ ಹಿಡಿಸಿದ್ದು ಇದೊಂದೇ ಕರಾರು.

ಐದನೇ ದಿನ, ಶುಕ್ರವಾರ

ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ ನೋಡಿದೆವು. ನಂದಿ ಗ್ರಾಮದ ಭೋಗನಂದೀಶ್ವರನ ಕಲ್ಯಾಣಿಯ ಮೆಟ್ಟಿಲ ಮೇಲೆ ಎರಡು ಗಂಟೆ ಸುಮ್ಮನೆ ಕೂತೆವು, ಇವರು ಕಂಬಕ್ಕೊರಗಿ ನಿದ್ದೆ ಮಾಡಿದರು.

ಬೆಟ್ಟದ ಬುಡದಲ್ಲಿ ಮಲಗಿದ್ದು ತಪ್ಪು. ಬೆಳಗಿನ ಮೂರೂವರೆಯಿಂದ ಬೈಕುಗಳು. ಸೂರ್ಯೋದಯ ನೋಡಲು ಬೆಂಗಳೂರೇ ಎದ್ದು ಬಂದಂತಿತ್ತು. 1478 ಮೀಟರಿನ ಬೆಟ್ಟದ ಮೇಲೆ ಸೂರ್ಯ ಹುಟ್ಟಿದ್ದು ಅವರಿಗೆ ಮಂಜಿನಲ್ಲಿ ಕಂಡಿತೋ ಇಲ್ಲವೋ, ನಮಗಂತೂ ಪ್ರತಿಯೊಂದು ಸೈಲೆನ್ಸರಿನ ಪರಿಚಯವಾಯಿತು. ನೈಟ್ ಹಾಲ್ಟಿನ ಪಂಡಿತರು ಶುಕ್ರವಾರ ಎಂಬುದನ್ನು ಮರೆತಿದ್ದರು. ಡ್ಯೂಟಿಯಲ್ಲಿದ್ದಾಗ ಅವರಿಗೆ ಶನಿವಾರ, ಭಾನುವಾರ ಎಂದು ಬೇರೆ ಇದ್ದದ್ದೇ ಇಲ್ಲವಲ್ಲ.

ಆರನೇ ದಿನ, ಶನಿವಾರ

ಶಿಡ್ಲಘಟ್ಟ, ಚಿಂತಾಮಣಿ, ಕೈವಾರ, ಕೋಲಾರ. ಒಂದೇ ದಿನಕ್ಕೆ ನಾಲ್ಕೂರು, ನೂರರ ಹತ್ತಿರ ಕಿಲೋಮೀಟರು. ನಮ್ಮದೇ ನಿಯಮ ಮುರಿದೆವು, ಅದಕ್ಕೇ ಏನೂ ಸರಿಯಾಗಿ ನೆನಪಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ವಾಸನೆ, ಕೈವಾರದಲ್ಲಿ ತಾತಯ್ಯನವರ ತತ್ವಪದ ಹಾಡುತ್ತಿದ್ದವರ ತಾಳ, ಅಷ್ಟೇ.

ಕೋಲಾರದ ಹತ್ತಿರ ಒಂದು ಕೆರೆ ಕಂಡಿತು. ತುಂಬಿದ ಕೆರೆ, ಜನವರಿಯಲ್ಲಿ. "ಹೋಲ್ಡಾನ್" ಎನ್ನಲು ಬಾಯಿ ತೆರೆದೆ, ಗಾಡಿ ಆಗಲೇ ಪಕ್ಕಕ್ಕೆ ಸರಿಯುತ್ತಿತ್ತು. ಏರಿಯ ಮೇಲೆ ನಿಂತೆವು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಂತರ್ಜಲ ಏರಲೆಂದು ಬಿಡುವ ನೀರು, ಕುಡಿಯಲು ಅಲ್ಲ. ಮೇವು ಹೊತ್ತು ಬಂದ ರೈತರೊಬ್ಬರನ್ನು ಹೇಗಿದೆ ಎಂದು ಕೇಳಿದೆ. "ಬೋರಲ್ಲಿ ನೀರು ಬಂದೈತೆ. ಬೆಂಗ್ಳೂರೋರು ಸ್ನಾನ ಮಾಡಿದ್ರೆ ನಮ್ಗೆ ಟಮೋಟ" ಎಂದರು. ಆಮೇಲೆ ದನಿ ತಗ್ಗಿಸಿ, "ಇನ್ನೊಂದ್ಸಲ ಶುದ್ಧಿ ಮಾಡಿ ಬಿಡ್ಬೇಕಿತ್ತು" ಎಂದೂ ಸೇರಿಸಿದರು. ಎದುರಿಗೆ ಅಷ್ಟು ನೀರು, ನಮ್ಮ ಟ್ಯಾಂಕಿನಲ್ಲಿ ಎಂಟು ಲೀಟರು. ಅದರಿಂದ ಒಂದು ಚೆಂಬನ್ನೂ ತುಂಬಿಕೊಳ್ಳುವ ಹಾಗಿರಲಿಲ್ಲ.

ಏಳನೇ ದಿನ, ಭಾನುವಾರ

ಬೆಳಿಗ್ಗೆ ಅಂತರಗಂಗೆ. ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ಬೀಳುವ ನೀರಿಗೆ ತಲೆಯೊಡ್ಡಿ, ಎರಡು ಬಾಟಲಿ ಹಿಡಿದುಕೊಂಡೆ. ಮೆಟ್ಟಿಲ ಕೋತಿಯೊಂದು ಅದರಲ್ಲಿ ಒಂದನ್ನು ಕಿತ್ತುಕೊಂಡಿತು. ಮುಳಬಾಗಿಲಿಗೆ ಬಂದು ದೋಸೆ. ಹೊರಗೆ ಗರಿ, ಒಳಗೆ ಹತ್ತಿ. ಇವರು ಮೂರನೆಯದಕ್ಕೆ ಹೇಳಿ, ಅದು ಬರುವವರೆಗೂ ಕುರ್ಚಿಗೊರಗಿ ಕೂತರು!

ಕುರುಡುಮಲೆಯ ಹದಿಮೂರೂವರೆ ಅಡಿ ಗಣಪನಿಗೆ ಕೈಮುಗಿದು ಹಿಂದಿರುಗುವಾಗ, ರಸ್ತೆಬದಿಯ ಟೊಮೆಟೊ ತೋಟದಲ್ಲಿ ಬೋರ್‌ವೆಲ್ ಓಡುತ್ತಿತ್ತು. ತೋಟದವರು, "ನೀರಿಗೇನು, ಕರೆಂಟು ಹೋಗೋದ್ರೊಳಗೆ ತುಂಬ್ಕೊಳ್ಳಿ" ಎಂದರು. ಇವರು ಪೈಪು ಹಾಕಿಕೊಂಡು ನಿಂತರು. ನಾನು ಬದುವಿನ ಮೇಲೆ ಕೂತು ಅವರ ಟ್ರಿಪ್ ಶೀಟು ನೋಡುತ್ತಿದ್ದೆ. ಹೌದು, ಈಗಲೂ ಬರೆಯುತ್ತಾರೆ: ಒಟ್ಟು 470 ಕಿ.ಮೀ., ಡೀಸೆಲ್ 45 ಲೀಟರು, ಹೊರಟ ವೇಳೆ, ತಲುಪಿದ ವೇಳೆ. ಬುಧವಾರದ ಮುಂದೆ ಷರಾ: 'ನೀರು ಸೋರಿಕೆ. ಕಂಡಕ್ಟರ್ ತಪ್ಪು.'

ಕೇಳೋಣವೆಂದು ಏಳುವಷ್ಟರಲ್ಲಿ ಫೋನು. ನಮ್ಮ ಮನೆಯ ಬಾಡಿಗೆ ಹುಡುಗಿ. "ಆಂಟಿ, ಮೂರು ದಿನ ಆಯ್ತು, ಸಂಪ್‌ಗೆ ನೀರೇ ಬಂದಿಲ್ಲ. ಯಾವಾಗ ಬಿಡ್ತಾರೆ ಇಲ್ಲಿ?"

ಕಣ್ಣು ಮುಚ್ಚಿದೆ, ಮನೆ ಕಂಡಿತು. "ನೀರು ಬಂದೇ ಇರುತ್ತೆ ಕಣಮ್ಮ. ಗೇಟಿನ ಎಡಕ್ಕೆ, ತುಳಸಿ ಕುಂಡದ ಹಿಂದೆ ಒಂದು ವಾಲ್ವ್ ಇದೆ. ಅದನ್ನು ಪೂರ್ತಿ ತಿರುಗಿಸಬೇಡ, ಮುಕ್ಕಾಲು ತಿರುಗಿಸು. ಪೂರ್ತಿ ತಿರುಗಿಸಿದರೆ ಪಕ್ಕದ ಮನೆಯವರಿಗೆ ಹೋಗುತ್ತೆ. ಬಿಟ್ಟ ದಿನ ರಾತ್ರಿ ಹನ್ನೊಂದರ ಮೇಲೆ ಸದ್ದು ಕೇಳಿಸುತ್ತೆ, ಗೊಳಗೊಳ ಅಂತ..."

"ಪಕ್ಕದ ಮನೆಗೆ ಯಾಕೆ ಆಂಟಿ ಹೋಗುತ್ತೆ?"

ಅದಕ್ಕೆ ಇಪ್ಪತ್ತು ವರ್ಷದ ಕತೆಯಿದೆ. ಹೇಳಲು ಶುರು ಮಾಡಿದೆ. ಅಷ್ಟರಲ್ಲಿ ಕಾಲಡಿ ತಣ್ಣಗಾಯಿತು. ನೋಡಿದರೆ ಟ್ಯಾಂಕು ತುಂಬಿ, ಗಾಡಿಯ ಬಾಗಿಲಿನಿಂದ ನೀರು ಇಳಿದು ಬರುತ್ತಿದೆ. ನಮ್ಮ ಡ್ರೈವರು ಪೈಪನ್ನು ಹಾಗೇ ಬಿಟ್ಟು, ತೋಟದವರ ಜೊತೆ ಟೊಮೆಟೊ ಬಾಕ್ಸಿನ ರೇಟು ವಿಚಾರಿಸುತ್ತಾ ಬೆನ್ನು ಹಾಕಿ ನಿಂತಿದ್ದಾರೆ.

ಫೋನು ಕಿವಿಗಿದ್ದ ಹಾಗೆಯೇ ಕೂಗಿದೆ: "ಹೋಲ್ಡಾನ್!"

"ಏನಾಂಟಿ?" ಎಂದಳು ಆ ಹುಡುಗಿ.